ಮೊದಲು ಮೇಲೇರುವ ದಾರ

ಕೊಡಗಿನ ಚೆಟ್ಟಳ್ಳಿಯಲ್ಲಿ ಮರ ಹತ್ತುವುದೆಂದರೆ ಸಂಬಳದ ಕೆಲಸ. ಫೆಬ್ರವರಿ ಬಂತೆಂದರೆ ಮೆಣಸು ಕುಯ್ಯಲು ಹತ್ತಬೇಕು, ಮಳೆಗಾಲ ಹಿಡಿಯುವ ಮುಂಚೆ ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯಲು, ಹತ್ತಬೇಕು. ಕೆಲಸವಿಲ್ಲದೆ, ಬರೀ ಸಂತೋಷಕ್ಕೆ ಹತ್ತುತ್ತೇನೆ ಎಂದರೆ ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆದರೂ ನಾನು ಸಂತೋಷಕ್ಕೇ ಹತ್ತುವವನು. ಸೊಂಟಕ್ಕೆ ಹಾರ್ನೆಸ್ ಕಟ್ಟಿಕೊಂಡು, ಮೇಲಿನಿಂದ ಇಳಿಬಿದ್ದ ಹಗ್ಗ ಹಿಡಿದು, ತೊಗಟೆಗೆ ಮೊಳೆಯನ್ನಾಗಲಿ ಮುಳ್ಳಿನ ಬೂಟನ್ನಾಗಲಿ ತಾಗಿಸದೆ ನೆತ್ತಿ ಮುಟ್ಟುವ ಈ ಹವ್ಯಾಸವನ್ನು ಸಾಮಾನ್ಯ ಜನರಿಗೆ ಕಲಿಸಲೆಂದೇ ಪೀಟರ್ ಜೆಂಕಿನ್ಸ್ ಎಂಬುವರು 1983ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಟ್ರೀ ಕ್ಲೈಂಬರ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಕಟ್ಟಿದರು. ನಮ್ಮ ಕಾಫಿ ತೋಟಗಳಿಗೆ ಅದು ಇನ್ನೂ ಹೊಸದು.

ಇದರಲ್ಲಿ ಎಲ್ಲರ ಕಣ್ಣು ಹೋಗುವುದು ದಪ್ಪ ಹಗ್ಗದ ಮೇಲೆ. ನನಗೆ ಮುಖ್ಯವೆನಿಸುವುದು ಅದಕ್ಕಿಂತ ಮೊದಲು ಮೇಲೇರುವ ಸಣ್ಣ ದಾರ. 11 ಮಿಲಿಮೀಟರ್ ದಪ್ಪದ ಹಗ್ಗವನ್ನು 60 ಅಡಿ ಎತ್ತರದ ಕವಲಿಗೆ ಎಸೆಯಲು ಯಾರ ತೋಳಿಗೂ ಆಗದು. ಅದಕ್ಕೇ ಸುಮಾರು 2 ಮಿಲಿಮೀಟರ್ ದಪ್ಪದ ದಾರದ ತುದಿಗೆ ಸೀಸದ ಗುಂಡು ತುಂಬಿದ ಪುಟ್ಟ ಚೀಲ ಕಟ್ಟಿ, ಅದನ್ನು ಕವಲಿನ ಮೇಲೆ ಹಾಯಿಸಿ, ಆಚೆ ಕಡೆ ಇಳಿಸಿಕೊಂಡು, ಅದರ ಹಿಂದೆ ದೊಡ್ಡ ಹಗ್ಗವನ್ನು ಎಳೆದುಕೊಳ್ಳುತ್ತೇವೆ. ಯಾವ ಕವಲು, ಯಾವ ದಿಕ್ಕು, ಹತ್ತುವಾಗ ಕಾಲಿಗೆ ಏನು ಸಿಗುತ್ತದೆ, ಬಿದ್ದರೆ ಎಲ್ಲಿಗೆ ತೂಗುತ್ತೇವೆ, ಇವೆಲ್ಲ ತೀರ್ಮಾನವಾಗುವುದು ಆ ದಾರ ಮೇಲೆ ಹೋಗುವಾಗಲೇ, ಕಾಲು ಇನ್ನೂ ನೆಲದ ಮೇಲಿರುವಾಗಲೇ.

ದಾರ ಆರಿಸುವುದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸಂತೆಯಲ್ಲಿ ಸಿಗುವ ಗಾಳದ ನೈಲಾನ್ ಎಳೆ ಅಗ್ಗ, ಗಟ್ಟಿಯೂ ಹೌದು. ಆದರೆ ಅದು ಹಿಗ್ಗುತ್ತದೆ, ಸುರುಳಿಯ ನೆನಪನ್ನು ಬಿಡುವುದಿಲ್ಲ, ಕಾಫಿ ಗಿಡಗಳ ನಡುವೆ ಕಣ್ಣಿಗೆ ಕಾಣುವುದಿಲ್ಲ, ಎಳೆದರೆ ಬೆರಳು ಕುಯ್ಯುತ್ತದೆ. ಗಾರೆ ಕೆಲಸದವರು ಗೋಡೆಯ ನೇರ ನೋಡಲು ಕಟ್ಟುವ ದಾರ ಅದಕ್ಕಿಂತ ಮೇಲು. ಅದರಲ್ಲೂ ಹೊಸೆದದ್ದು ಬೇಡ, ಹೆಣೆದದ್ದು ಬೇಕು. ಹೊಸೆದ ದಾರಕ್ಕೆ ಭಾರ ಕಟ್ಟಿ ತೂಗುಬಿಟ್ಟರೆ ಹೊಸಿಗೆ ಬಿಚ್ಚಿಕೊಳ್ಳುತ್ತಾ ಚೀಲ ಗಿರಗಿರನೆ ತಿರುಗುತ್ತದೆ, ದಾರ ಸಡಿಲವಾದ ಕೂಡಲೇ ಗಂಟುಗಂಟಾಗಿ ಮುದುಡಿಕೊಳ್ಳುತ್ತದೆ. ಹೆಣೆದ ದಾರಕ್ಕೆ ಆ ಚಟವಿಲ್ಲ. ಇದಕ್ಕೆಂದೇ ಮಾಡಿದ ದಾರಗಳಲ್ಲಿ ಡೈನೀಮಾ ಎಂಬ ನೂಲಿನದು ಉತ್ತಮ. ತೆಳ್ಳಗಿದ್ದರೂ ಬಲವಾದದ್ದು, ನೀರು ಕುಡಿಯುವುದಿಲ್ಲ, ಮೈ ನುಣುಪು. ನಮ್ಮಲ್ಲಿ ಮಳೆಗಾಲ ಕಳೆದ ಮೇಲೂ ಕೊಂಬೆಗಳ ಮೇಲೆ ಹಾವಸೆ ದಪ್ಪಗೆ ಕೂತಿರುತ್ತದೆ. ಒರಟು ದಾರ ಅದರಲ್ಲಿ ಕಚ್ಚಿಕೊಂಡರೆ ಚೀಲ ಆಚೆ ತೂಗುತ್ತಾ ನಿಲ್ಲುತ್ತದೆಯೇ ಹೊರತು ಕೆಳಗಿಳಿಯುವುದಿಲ್ಲ. ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ಹಸಿರು ದಾರವನ್ನು ಈ ಊರಿಗೆ ತರಬೇಡಿ.

ಚೀಲದ ತೂಕ 250 ಗ್ರಾಂನಿಂದ 400 ಗ್ರಾಂ ಒಳಗೆ. ಹಗುರವಾದದ್ದು ಎತ್ತರಕ್ಕೆ ಸುಲಭವಾಗಿ ಹಾರುತ್ತದೆ, ಆದರೆ ಕೆಳಗಿಳಿಯುವಾಗ ದಾರವನ್ನು ಎಳೆದುಕೊಂಡು ಬರುವಷ್ಟು ಭಾರ ಅದಕ್ಕಿರುವುದಿಲ್ಲ. ಭಾರವಾದದ್ದು ಚೆನ್ನಾಗಿ ಇಳಿಯುತ್ತದೆ, ಎಸೆಯುವವರ ಭುಜ ಬೇಗ ಸೋಲುತ್ತದೆ. ಸಿಲ್ವರ್ ಓಕ್ ಮರದಂಥ ನಯವಾದ ಕೊಂಬೆಗೆ ಹಗುರ ಚೀಲ, ಹಾವಸೆ ಕಟ್ಟಿದ ಹಳೇ ಅತ್ತಿಗೆ ಭಾರದ್ದು ಎಂಬುದು ನನ್ನ ರೂಢಿ.

ಎಸೆಯುವ ವಿಧಾನ ಬರೆದು ಕಲಿಸುವಂಥದ್ದಲ್ಲ. ಕಾಲು ಅಗಲಿಸಿ ನಿಂತು, ದಾರವನ್ನು ಮಡಚಿ ಎರಡೂ ಕೈಯಲ್ಲಿ ಹಿಡಿದು, ಚೀಲವನ್ನು ಕಾಲುಗಳ ನಡುವೆ ಹಿಂದೆ ಮುಂದೆ ತೂಗಿ, ತೂಗು ತುದಿ ಮುಟ್ಟಿದಾಗ ಬಿಡಬೇಕು. ಬಲ ಹಾಕಿದಷ್ಟೂ ಗುರಿ ತಪ್ಪುತ್ತದೆ. ಗುರಿಯೆಂದರೆ ಕೊಡಗಿಗೆ ಹೇಳಿಕೊಡಬೇಕಾದ್ದಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಕೈಲ್ ಪೊಳ್ದ್ ಹಬ್ಬ ಬಂದರೆ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಊರು ಇದು. ಕೋವಿ ಹಿಡಿದು ಪಳಗಿದವರಿಗೆ ಚೀಲ ಕೊಟ್ಟು ನೋಡಿದ್ದೇನೆ, ಬೇಗ ಕಲಿಯುತ್ತಾರೆ. ಉಸಿರು ಹಿಡಿದು ಕಾಯುವುದು ಅವರಿಗೆ ಆಗಲೇ ಗೊತ್ತು.

ನಿಜವಾದ ಕಷ್ಟ ದಾರವನ್ನು ಅಂಕೆಯಲ್ಲಿಟ್ಟುಕೊಳ್ಳುವುದು. ಬಯಲಿನ ಹುಲ್ಲಿನ ಮೇಲೆ ಹತ್ತುವವರಿಗೆ ಈ ಪೀಡೆ ಇಲ್ಲ. ನಮ್ಮಲ್ಲಿ ಮರದ ಬುಡದ ಸುತ್ತ ರೊಬಸ್ಟಾ ಗಿಡಗಳು, ಕಾಂಡಕ್ಕೆ ಮೆಣಸಿನ ಬಳ್ಳಿ, ನೆಲದಲ್ಲಿ ಕಪಾತು ಮಾಡಿದ ಕಡ್ಡಿ. 50 ಮೀಟರ್ ದಾರವನ್ನು ಅಲ್ಲಿ ಹಾಗೇ ಸುರಿದರೆ ಒಂದೊಂದು ಕಾಫಿ ರೆಕ್ಕೆಯೂ ಅದನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆಂದು ಮಡಚುವ ಚೌಕ ಪೆಟ್ಟಿಗೆಗಳು ಮಾರಾಟಕ್ಕಿವೆ. ನಾನು ಕಾಫಿ ಕುಯ್ಯುವಾಗ ಕೆಳಗೆ ಹಾಸುವ ತಾಟನ್ನೇ ಹಾಸಿ, ಅದರ ಮೇಲೆ ಅಗಲ ಬಾಯಿಯ ಬಕೆಟ್ ಇಡುತ್ತೇನೆ. ದಾರವನ್ನು ಸುತ್ತಬಾರದು. ಸುತ್ತಿದ ದಾರ ಬಿಚ್ಚಿಕೊಳ್ಳುವಾಗ ತಿರುಚಿಕೊಂಡೇ ಬರುತ್ತದೆ. ಹಿಡಿಹಿಡಿಯಾಗಿ ಬಕೆಟ್ಟಿನೊಳಗೆ ಸುಮ್ಮನೆ ಬೀಳಲು ಬಿಟ್ಟರೆ, ಕೊನೆಗೆ ಬಿದ್ದದ್ದು ಮೊದಲು ಹೊರಡುತ್ತದೆ, ಒಂದಕ್ಕೊಂದು ಸಿಕ್ಕಿಕೊಳ್ಳುವುದಿಲ್ಲ.

ಚೀಲ ಕವಲಿನಲ್ಲಿ ಸಿಕ್ಕಿಕೊಂಡರೆ ಕೈ ತಾನಾಗಿಯೇ ಜಗ್ಗಲು ಹೋಗುತ್ತದೆ. ಜಗ್ಗಿದಷ್ಟೂ ಅದು ಸಂದಿಗೆ ಇನ್ನಷ್ಟು ಕೂರುತ್ತದೆ. ಬಿಟ್ಟುಕೊಂಡರೆ ಹುಡುಗರ ಚಾಟರಬಿಲ್ಲಿನ ಕಲ್ಲಿನಂತೆ ನೇರ ಮುಖಕ್ಕೆ ಬರುತ್ತದೆ. ಹೆಲ್ಮೆಟ್ ಮೊದಲು ಬೇಕಾಗುವುದು ಇಲ್ಲಿ, ಹತ್ತುವಾಗಲ್ಲ. ದಾರ ಸಡಿಲ ಬಿಟ್ಟು, ಅಲೆ ಏಳುವಂತೆ ಕುಣಿಸಿ, ಬೇರೆ ಬೇರೆ ಕಡೆ ಸರಿದು ನಿಂತು ಪ್ರಯತ್ನಿಸಬೇಕು. ಎಳೆಯಲೇಬೇಕಾದರೆ ದಾರವನ್ನು ಒಂದು ಕೋಲಿಗೆ ಸುತ್ತಿ, ದಾರದ ನೇರಕ್ಕೆ ನಿಲ್ಲದೆ ಎಳೆಯಬೇಕು. ಬರಿಗೈಗೆ ಸುತ್ತಿಕೊಳ್ಳುವುದು ಬೇಡವೇ ಬೇಡ. ಚೀಲ ಆಚೆ ಇಳಿದ ಮೇಲೆ ಅದನ್ನು ಬಿಚ್ಚಿ, ಬರೀ ದಾರಕ್ಕೆ ದೊಡ್ಡ ಹಗ್ಗದ ತುದಿಯನ್ನು ಕಟ್ಟುವಾಗ ಗಂಟು ಉಬ್ಬದಂತೆ, ಮೇಲೊಂದು ಕೆಳಗೊಂದು ಸುತ್ತು ಹಾಕಿ ಚೂಪಾಗಿ ಕಟ್ಟಬೇಕು. ಉಬ್ಬಿದ ಗಂಟು ಕವಲಿನಲ್ಲಿ ನಿಂತರೆ ಬೆಳಗಿನ ಕೆಲಸವೆಲ್ಲ ಹೋಯಿತು.

ಯಾವ ಕೊಂಬೆ ಎಂಬ ಮಾತಿಗೆ ಬಂದರೆ, ಪರದೇಶದ ಪುಸ್ತಕಗಳು ನಮ್ಮ ತೋಟಕ್ಕೆ ಪೂರ್ತಿ ಹೊಂದುವುದಿಲ್ಲ. ನಮ್ಮ ನೆರಳಿನ ಮರಗಳಿಗೆ ಮರಗಸಿ ಆಗುತ್ತಲೇ ಇರುತ್ತದೆ. ಕಡಿದ ಜಾಗದಿಂದ ಹೊಸ ರೆಂಬೆ ಚಿಗುರಿ, ಕೆಲವೇ ವರ್ಷಗಳಲ್ಲಿ ತೋಳಿನಷ್ಟಾಗಿ, ನೆಲದಿಂದ ನೋಡುವವರಿಗೆ ಒಳ್ಳೇ ಕೊಂಬೆಯಂತೆ ಕಾಣುತ್ತದೆ. ಆದರೆ ಅದು ಕಾಂಡದ ಒಳಗಿನಿಂದ ಬೆಳೆದದ್ದಲ್ಲ, ತೊಗಟೆಯ ಅಂಚಿನಿಂದ ಹೊರಟದ್ದು. ಅದರ ಹಿಡಿತ ಮೇಲುಮೇಲಿನದು. ಹಾಲವಾಣ, ಸಿಲ್ವರ್ ಎರಡರಲ್ಲೂ ನಾನು ದಾರವನ್ನು ಮೂಲ ಕಾಂಡದ ಕವಲಿಗಲ್ಲದೆ ಬೇರೆಲ್ಲಿಗೂ ಎಸೆಯುವುದಿಲ್ಲ. ನಂದಿ, ಬಳಂಜಿ, ಹಲಸು, ಅತ್ತಿ ನಂಬಬಹುದಾದ ಮರಗಳು. ಅವುಗಳಲ್ಲೂ ತೊಡೆಯ ದಪ್ಪ ಇಲ್ಲದ ಕೊಂಬೆ ನನಗೆ ಬೇಡ. ದಾರ ಎಸೆಯುವ ಮೊದಲು ದುರ್ಬೀನಿನಲ್ಲಿ ಪೂರ್ತಿ ಮರ ನೋಡಬೇಕು: ಒಣಕೊಂಬೆ, ಹೆಜ್ಜೇನು, ಚಗಳಿ ಗೂಡು, ಮಂಗಟ್ಟೆ ಮೊಟ್ಟೆಯಿಟ್ಟ ಪೊಟರೆ. ಕರೆಂಟಿನ ತಂತಿ ಹತ್ತಿರವಿರುವ ಮರವನ್ನು ಬಿಟ್ಟುಬಿಡಬೇಕು. ಕೊಡಗಿನ 1,200ಕ್ಕೂ ಹೆಚ್ಚು ದೇವರಕಾಡುಗಳ ಮರಗಳಿಗೆ ದಾರ ಎಸೆಯುವ ಮಾತೇ ಇಲ್ಲ. ಮೆಣಸಿನ ಬಳ್ಳಿಯ ಮೇಲೆ ದಾರ ಬಿದ್ದರೆ ಎಳೆಯದೆ, ನಿಧಾನಕ್ಕೆ ಹಿಂದೆ ತೆಗೆದು ಇನ್ನೊಮ್ಮೆ ಎಸೆಯಬೇಕು. ಓಡುವ ಸಣ್ಣ ದಾರ ಎಳೇ ಬಳ್ಳಿಯನ್ನು ಗರಗಸದ ಹಾಗೆ ಕುಯ್ದುಬಿಡುತ್ತದೆ. ಸಂಜೆ ಒಂದು ಮೊಳವನ್ನೂ ಮರದಲ್ಲಿ ಬಿಡಬಾರದು. ಮೀನುಕೊಲ್ಲಿ ಕಾಡಿನ ಕಡೆಯಿಂದ ಆನೆಗಳು ಬರುವ ತೋಟಗಳಿವು.

ಸಣ್ಣ ದಾರದ ಈ ವಿದ್ಯೆ ವಿಜ್ಞಾನಕ್ಕೂ ದಾರಿ ತೆರೆದಿದೆ. 1970ರ ದಶಕದಲ್ಲಿ ಡೊನಾಲ್ಡ್ ಪೆರಿ ಕೋಸ್ಟರಿಕಾದ ಮಳೆಕಾಡಿನಲ್ಲಿ ಅಡ್ಡಬಿಲ್ಲಿನಿಂದ ದಾರ ಹಾರಿಸಿ ಹಗ್ಗ ಏರಿಸಿದರು. ನಮ್ಮ ಪಶ್ಚಿಮಘಟ್ಟದ ತೆಂಕಣ ತುದಿಯಲ್ಲಿ, ತಮಿಳುನಾಡಿನ ಕಾಕಾಚಿಯ ಕಾಡಿನಲ್ಲಿ, ಬೆಂಗಳೂರಿನ ಏಟ್ರೀ ಸಂಸ್ಥೆಯ ವಿಜ್ಞಾನಿಗಳಾದ ಟಿ. ಗಣೇಶ್ ಮತ್ತು ಸೌಭದ್ರಾ ದೇವಿ ಹಗ್ಗ ಹಿಡಿದು ನೆತ್ತಿಗೆ ಹೋಗಿ ಅಲ್ಲಿನ ಹೂವು ಕಾಯಿಗಳ ಲೆಕ್ಕ ಹಿಡಿದರು. 2009ರಲ್ಲಿ ಮರದ ನೆತ್ತಿಯ ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು.

ವಿಜ್ಞಾನಿಗೆ ಹಗ್ಗ ಸಿಕ್ಕಿತು, ನನ್ನಂಥ ಹವ್ಯಾಸಿಗೂ ಸಿಕ್ಕಿತು. ಅದೇ ಎತ್ತರಕ್ಕೆ, ಮಳೆ ಹನಿಯುವ ದಿನವೂ, ಕೈಯಲ್ಲಿ ಕತ್ತಿ ಹಿಡಿದು ಹತ್ತುವ ಮರಗಸಿಯವನಿಗೆ ಸಿಕ್ಕಿಲ್ಲ. ಅವನಿಗಿರುವುದು ಒಂಟಿ ಬಿದಿರಿನ ಏಣಿ. ಕೆಲವು ಕಡೆ ಅಲ್ಯೂಮಿನಿಯಂ ಏಣಿ ಬಂದಿದೆ. ಅದು ತಂತಿಗೆ ತಾಗಿ ಕಾರ್ಮಿಕರು ಸತ್ತ ಸುದ್ದಿಯನ್ನು ಈ ಜಿಲ್ಲೆಯವರು ಮತ್ತೆ ಮತ್ತೆ ಓದಿದ್ದೇವೆ. ಇದು ನನ್ನನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಆಟಕ್ಕೆ ಹತ್ತುವವನ ತಲೆಯ ಮೇಲೆ ಹಗ್ಗ, ಹೊಟ್ಟೆಪಾಡಿಗೆ ಹತ್ತುವವನ ತಲೆಯ ಮೇಲೆ ಏನೂ ಇಲ್ಲ ಎಂಬುದು ಯಾವ ನ್ಯಾಯ?

ಮರಗಸಿಯಲ್ಲೇ ತಲೆ ನರೆತ ಒಬ್ಬರಿಗೆ ಒಮ್ಮೆ ದಾರ ತೋರಿಸಿದೆ. ಬಳಂಜಿ ಮರವೊಂದರ ಎತ್ತರದ ಕವಲಿಗೆ ನಾನು ಗುರಿ ಹಿಡಿದಿದ್ದೆ. ಅವರು ಕೈ ಅಡ್ಡ ಹಿಡಿದರು.

“ಅದು ಬೇಡ ಸಾರ್. ಅಲ್ಲಿ ಒಳಗೆ ನೀರು ನಿಲ್ತದೆ. ಇತ್ಲಾಗಿನ ಕವೆಗೆ ಹಾಕಿ.”

ಕೆಳಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಆ ಮರದ ಮೇಲೆ ವರ್ಷವರ್ಷವೂ ನಿಂತವರಿಗೆ ಅದು ಗೊತ್ತಿತ್ತು. ಅವರು ಹೇಳಿದ ಕವೆಗೇ ಹಾಕಿದೆವು, ಹಗ್ಗ ಏರಿಸಿದೆವು, ಇಬ್ಬರೂ ಒಟ್ಟಿಗೆ ಜೋತುಬಿದ್ದು ಪರೀಕ್ಷೆ ಮಾಡಿದೆವು. ಮರದ ಅರಿವು ಅವರಲ್ಲಿ ಬೇಕಾದಷ್ಟಿದೆ, ಸಾಮಾನು ಮಾತ್ರ ಇಲ್ಲ ಎಂಬುದು ನನಗೆ ಅಷ್ಟು ಸ್ಪಷ್ಟವಾಗಿ ಕಂಡದ್ದು ಅವತ್ತೇ.

ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರವಿದೆ, ತೋಟಗಾರಿಕೆಯ ಕೇಂದ್ರವೂ ಇದೆ. ಕಪಾತು, ಕಸಿ, ಔಷಧಿ ಸಿಂಪಡಣೆಯ ವಿಷಯ ಕೇಳಲು ಸುತ್ತಲಿನ ಬೆಳೆಗಾರರು ಅಲ್ಲಿಗೆ ಹೋಗುತ್ತಾರೆ. ಹಗ್ಗ ಹಿಡಿದು ಹತ್ತುವುದನ್ನೂ ಅಲ್ಲೇ ಕಲಿಸಬಹುದು. ಮೆಣಸಿನ ಕುಯ್ಲು ಮುಗಿದು ಮರಗಸಿ ಶುರುವಾಗುವ ನಡುವೆ ಕೆಲವು ದಿನ ಬಿಡುವು ಸಿಗುತ್ತದೆ. ಆ ದಿನಗಳಲ್ಲಿ ತೋಟದವರು ತಮ್ಮ ಮರ ಹತ್ತುವವರನ್ನು ಸಂಬಳ ಕೊಟ್ಟೇ ಒಂದು ಕಡೆ ಸೇರಿಸಲಿ. ದಾರ, ಚೀಲ, ಹಗ್ಗ, ಹಾರ್ನೆಸ್, ಹೆಲ್ಮೆಟ್ ತೋಟದ ಖರ್ಚಿನಲ್ಲೇ ಬರಲಿ, ಹಗ್ಗದ ಕೆಲಸ ಬಲ್ಲವರು ಬಂದು ಕಲಿಸಲಿ. ಎಸೆಯುವುದಕ್ಕೆ ಮಾತ್ರವಾದರೆ ನನ್ನ ಬಕೆಟ್ಟು, ತಾಟು, ಹಳದಿ ದಾರ ಹೊತ್ತುಕೊಂಡು ಯಾವ ತೋಟಕ್ಕಾದರೂ ಬರಲು ನಾನು ತಯಾರಿದ್ದೇನೆ.