ವಿಮಾನಗಳಿಗೆ ದೀಪ ಕೊಟ್ಟ ಊರು

ಒಹಾಯೊ ಅಂದ ಕೂಡಲೇ ವಿಮಾನದ ಹುಚ್ಚಿರುವವರಿಗೆ ನೆನಪಾಗುವುದು ಡೇಟನ್. ರೈಟ್ ಸಹೋದರರ ಊರು. ಅಲ್ಲಿನ ಅಮೆರಿಕ ವಾಯುಪಡೆಯ ಮ್ಯೂಸಿಯಂ ನೋಡೋಕೆ ಒಂದು ದಿನ ಸಾಲದು, ಪ್ರವೇಶಕ್ಕೆ ದುಡ್ಡೂ ಕೊಡಬೇಕಾಗಿಲ್ಲ. ಕೊಲಂಬಸ್‌ಗೆ ಕೆಲಸಕ್ಕೆ ಬಂದ ನಮ್ಮ ಕಡೆಯವರೆಲ್ಲ ಒಂದಲ್ಲ ಒಂದು ವೀಕೆಂಡ್ ಅಲ್ಲಿಗೆ ಹೋಗಿಬಂದಿರುತ್ತಾರೆ. ಆದರೆ ಅಲ್ಲಿಂದ ಈಶಾನ್ಯಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಸಿಗುವ ಅರ್ಬಾನಕ್ಕೆ ಹೋದವರು ಕಡಿಮೆ. ಸುಮಾರು 11,000 ಜನರ ಸಣ್ಣ ಊರು. ಸುತ್ತ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು.

ಊರಿನ ಉತ್ತರಕ್ಕೆ, ಹೆದ್ದಾರಿ 68ರ ಪಕ್ಕದಲ್ಲೇ ಗ್ರೈಮ್ಸ್ ಫೀಲ್ಡ್ ಎಂಬ ಪುಟ್ಟ ವಿಮಾನ ನಿಲ್ದಾಣ ಇದೆ. ಟವರ್ ಇಲ್ಲ, ಸೆಕ್ಯೂರಿಟಿ ಕ್ಯೂ ಇಲ್ಲ. ಒಂದು ಕೆಫೆ ಇದೆ, ಅಲ್ಲಿನ ಪೈ ಬಹಳ ಪ್ರಸಿದ್ಧ. ಬೆಳಗಿನ ತಿಂಡಿಗೆ ಅಂತಲೇ ಅಕ್ಕಪಕ್ಕದ ಊರುಗಳಿಂದ ಜನ ಸ್ವಂತ ವಿಮಾನದಲ್ಲಿ ಬಂದಿಳೀತಾರೆ. ನಾವು ಭಾನುವಾರ ಬೈಕ್ ತಗೊಂಡು ನಂದಿಬೆಟ್ಟದ ಕಡೆ ಹೋಗಿ ಇಡ್ಲಿ ತಿಂದು ಬರ್ತೀವಲ್ಲ, ಹಾಗೆ.

ನಿಲ್ದಾಣಕ್ಕೆ ಹೆಸರು ಬಂದಿದ್ದು ವಾರೆನ್ ಗ್ರೈಮ್ಸ್ ಅವರಿಂದ. 1898ರಲ್ಲಿ ಹುಟ್ಟಿದ ಅವರು ಬೆಳೆದಿದ್ದು ಒಹಾಯೊದ ಟಿಫಿನ್ ಎಂಬ ಊರಿನ ಅನಾಥಾಶ್ರಮದಲ್ಲಿ. ಹದಿಹರೆಯದಲ್ಲೇ ಡೆಟ್ರಾಯಿಟ್‌ಗೆ ಹೋಗಿ ಫೋರ್ಡ್ ಕಾರ್ಖಾನೆ ಸೇರಿದರು. ಫೋರ್ಡ್ ಟ್ರೈಮೋಟರ್ ವಿಮಾನಕ್ಕೆ ದೀಪ ಮಾಡಿಕೊಟ್ಟರು. ಆಮೇಲೆ 1930ರ ದಶಕದಲ್ಲಿ ಅರ್ಬಾನದಲ್ಲಿ ವಿಮಾನದ ದೀಪಗಳ ಕಾರ್ಖಾನೆ ಕಟ್ಟಿದರು. ವಿಮಾನ ದೀಪಗಳ ಪಿತಾಮಹ ಅಂತಲೇ ಅವರನ್ನು ಇಲ್ಲಿ ಕರೆಯುವುದು. ಕಂಪನಿ ಕೈ ಬದಲಾಗುತ್ತ ಈಗ ಹನಿವೆಲ್ ಪಾಲಾಗಿದೆ. ಆದರೆ ಈ ಊರಲ್ಲಿ ವಿಮಾನದ ದೀಪ ಮಾಡುವ ಕೆಲಸ ನಿಂತಿಲ್ಲ.

ದೀಪಗಳನ್ನು ಹಾರಿಸಿಯೇ ಪರೀಕ್ಷಿಸಬೇಕಲ್ಲ? ಅದಕ್ಕಾಗಿ ಕಂಪನಿ ಎರಡು ಎಂಜಿನ್ನಿನ ಬೀಚ್ 18 ವಿಮಾನವೊಂದಕ್ಕೆ ತಲೆಯಿಂದ ಬಾಲದವರೆಗೆ ಹತ್ತಾರು ದೀಪ ಕೂರಿಸಿತ್ತು. ಹೆಸರು ಗ್ರೈಮ್ಸ್ ಫ್ಲೈಯಿಂಗ್ ಲ್ಯಾಬ್. ಇದೇ ನಿಲ್ದಾಣದ ಇನ್ನೊಂದು ಕಡೆ ಚಾಂಪೇನ್ ಏವಿಯೇಷನ್ ಮ್ಯೂಸಿಯಂ ಇದೆ. ಅಲ್ಲಿ ಸ್ವಯಂಸೇವಕರು ಎರಡನೇ ಮಹಾಯುದ್ಧದ ಬಿ-17 ಬಾಂಬರ್ ಒಂದನ್ನು ವರ್ಷಗಟ್ಟಲೆಯಿಂದ ತುಂಡು ತುಂಡು ಜೋಡಿಸಿ ಕಟ್ಟುತ್ತಿದ್ದಾರೆ. ನಿವೃತ್ತರಾದ ಅಜ್ಜಂದಿರು ರಿವೆಟ್ ಹೊಡೆಯುತ್ತ ನಿಂತಿರೋದನ್ನ ನೋಡಿದ್ರೆ ನಮ್ಮ ಸ್ಪ್ರಿಂಟ್ ಡೆಡ್‌ಲೈನ್‌ಗಳೆಲ್ಲ ತಮಾಷೆ ಅನ್ನಿಸುತ್ತೆ.

ನನಗೆ ಈ ಊರಿನ ಹೆಸರು ಗೊತ್ತಾಗಿದ್ದು ಒಂದು ಹಳೇ ದೀಪದಿಂದ. ನನ್ನ ಸಹೋದ್ಯೋಗಿಯೊಬ್ಬರು ಇನ್ನು ಮೂವರ ಜೊತೆ ಸೇರಿ 1966ರ ಸೆಸ್ನಾ 172 ವಿಮಾನ ಇಟ್ಟುಕೊಂಡಿದ್ದಾರೆ. ನಾಲ್ಕು ಸೀಟು, ಒಂದು ಎಂಜಿನ್. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನದ ಮಾದರಿ ಇದೇ. ಅದರ ಬಾಲದ ತುದಿಯಲ್ಲಿ ಕೆಂಪು ಗಾಜಿನ ಗುಬುಟಿನೊಳಗೆ ತಿರುಗುವ ದೀಪ ಇದೆ, ಬೀಕನ್ ಅಂತಾರೆ. ಅದರ ಮೇಲೆ ಗ್ರೈಮ್ಸ್ ಅನ್ನೋ ಹೆಸರು ಅಚ್ಚಾಗಿತ್ತು. ಹೋದ ಅಕ್ಟೋಬರ್‌ನಲ್ಲಿ ಅದು ಸುಸ್ತಾಗಿ ತಿರುಗೋಕೆ ಶುರುಮಾಡಿತು. ಸರಿಮಾಡುವ ದಿನ ನಾನೂ ಜೊತೆಗೆ ಹೋಗಿದ್ದೆ, ಏಣಿ ಹಿಡಿಯೋಕೆ.

ಮೆಕ್ಯಾನಿಕ್‌ಗೆ ಎಪ್ಪತ್ತು ದಾಟಿದೆ. ಅವರು ಮೊದಲು ಕೈಗೆ ತಗೊಂಡಿದ್ದು ಸ್ಕ್ರೂಡ್ರೈವರ್ ಅಲ್ಲ, ಗಡಿಯಾರ. ಒಂದು ನಿಮಿಷ ಎಣಿಸಿದರು. 34 ಸಲ ಮಿನುಗಿತು. ಅಮೆರಿಕದ ನಿಯಮದ ಪ್ರಕಾರ ಇಂಥ ದೀಪ ನಿಮಿಷಕ್ಕೆ 40ರಿಂದ 100 ಸಲ ಮಿನುಗಬೇಕು. ‘ಉರೀತಾ ಇದೆ ಅಂದ್ರೆ ಸರಿ ಇದೆ ಅಂತಲ್ಲ’ ಅಂದರು.

ಒಳಗಿನ ಯಂತ್ರ ಸರಳ. ಒಂದು ಸಣ್ಣ ಮೋಟರ್, ಅದರ ವೇಗ ಇಳಿಸೋಕೆ ಗಿಯರ್, ಬೆನ್ನಿಗೆ ಬೆನ್ನು ಕೊಟ್ಟು ಕೂತ ಎರಡು ಬಲ್ಬ್. ಮೋಟರ್ ಬಲ್ಬುಗಳನ್ನೇ ತಿರುಗಿಸುತ್ತೆ. ದೂರದಿಂದ ನೋಡುವವರಿಗೆ ಒಂದು ಸುತ್ತಿಗೆ ಎರಡು ಮಿನುಗು. ಅಂದರೆ ನಿಮಿಷಕ್ಕೆ 45 ಸುತ್ತು ಹಾಕಿದರೆ 90 ಸಲ ಮಿನುಗುತ್ತೆ. ಬೇರೆ ಕಂಪನಿಯ ಕೆಲವು ದೀಪಗಳಲ್ಲಿ ಬಲ್ಬು ನಿಂತಿರುತ್ತೆ, ಕನ್ನಡಿ ಸುತ್ತುತ್ತೆ. ಬಲ್ಬು ಆರಿ ಹೊತ್ತಿ ಮಾಡಲ್ಲ, ಬೆಳಕು ನಿಮ್ಮ ಕಡೆ ತಿರುಗಿದಾಗ ಮಿಂಚಿದಂತೆ ಕಾಣುತ್ತೆ ಅಷ್ಟೇ.

ಸರಳವಾಗಿದ್ದರೂ ಕೆಡೋದಕ್ಕೆ ದಾರಿ ಬೇಕಾದಷ್ಟಿವೆ. ವರ್ಷಗಳು ಕಳೆದಂತೆ ಗಿಯರಿನ ಗ್ರೀಸ್ ಒಣಗಿ ಅಂಟಿನ ಹಾಗಾಗುತ್ತೆ. ಮೋಟರಿನ ಕಾರ್ಬನ್ ಬ್ರಷ್ ಸವೆದು ಕಪ್ಪು ಪುಡಿ ತುಂಬುತ್ತೆ, ಕಿಡಿ ಹಾರಿ ಪೈಲಟ್‌ನ ಹೆಡ್‌ಫೋನಿನಲ್ಲಿ ಕರಕರ ಸದ್ದು ಬರುತ್ತೆ. ಎಂಜಿನ್ ಅದುರಿಗೆ ಬಲ್ಬಿನ ತಂತಿ ತುಂಡಾಗುತ್ತೆ. ಹೋಲ್ಡರಿಗೆ ಪಾಚಿ ಬಣ್ಣದ ತುಕ್ಕು ಹಿಡಿಯುತ್ತೆ. ಅರ್ಥಿಂಗ್ ಸಡಿಲವಾದರಂತೂ ಬಲ್ಬು, ಮೋಟರ್ ಎಲ್ಲ ಬದಲಾಯಿಸಿದರೂ ಪ್ರಯೋಜನವಿಲ್ಲ. ಹಾಗಾಗಿ ಅವರು ಬಿಚ್ಚುವ ಮೊದಲೇ ಮೀಟರ್ ಇಟ್ಟು ದೀಪದ ತನಕ ಕರೆಂಟ್ ಸರಿಯಾಗಿ ಬರ್ತಿದೆಯಾ ನೋಡಿದರು. ಬರ್ತಿತ್ತು. ಬಿಚ್ಚಿ ಬ್ರಷ್ ಬದಲಾಯಿಸಿದರು, ಗಿಯರ್ ತೊಳೆದು ಹೊಸ ಗ್ರೀಸ್ ಹಚ್ಚಿದರು, ಗಾಜಿನಲ್ಲಿ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಎಣಿಸಿದಾಗ 88.

ಇದರಲ್ಲಿ ನನಗೆ ಮಜಾ ಅನ್ನಿಸಿದ್ದು ಒಂದು ನಿಯಮ. ಇಲ್ಲಿ ಪೈಲಟ್ ಲೈಸೆನ್ಸ್ ಇರುವ ಮಾಲೀಕರು ತಮ್ಮ ವಿಮಾನದ ಸಣ್ಣಪುಟ್ಟ ಕೆಲಸ ತಾವೇ ಮಾಡಿಕೊಳ್ಳಬಹುದು. ಏನೇನು ಮಾಡಬಹುದು ಅಂತ ಪಟ್ಟಿಯೇ ಇದೆ. ಅದರಲ್ಲಿ ರೆಕ್ಕೆ ತುದಿಯ ಕೆಂಪು-ಹಸಿರು ದೀಪ, ಬಾಲದ ಬಿಳಿ ದೀಪ, ಲ್ಯಾಂಡಿಂಗ್ ದೀಪಗಳ ಬಲ್ಬು ಬದಲಾಯಿಸುವುದು ಸೇರಿದೆ. ಬೀಕನ್ ಹೆಸರು ಅಲ್ಲಿಲ್ಲ. ಹಾಗಾಗಿ ಇದರ ಕೆಲಸವನ್ನು ಲೈಸೆನ್ಸ್ ಇರುವ ಮೆಕ್ಯಾನಿಕ್ ಮಾಡಬೇಕು, ಇಲ್ಲವೇ ಅವರು ಎದುರಿಗೇ ನಿಂತು ಮಾಡಿಸಬೇಕು. ಕೊನೆಗೆ ಲಾಗ್‌ಬುಕ್ಕಿನಲ್ಲಿ ಏನು ಮಾಡಿದೆ ಅಂತ ಬರೆದು, ತಾರೀಖು, ಸಹಿ, ಲೈಸೆನ್ಸ್ ನಂಬರ್ ಹಾಕಬೇಕು. ಅರವತ್ತು ವರ್ಷದಲ್ಲಿ ಆ ವಿಮಾನ ಮುಟ್ಟಿದ ಒಬ್ಬೊಬ್ಬರ ಸಹಿಯೂ ಆ ಪುಸ್ತಕಗಳಲ್ಲಿದೆ.

ಕೆಲಸ ಮುಗಿದ ಮೇಲೆ ಶುರುವಾಗಿದ್ದು ನಿಜವಾದ ಚರ್ಚೆ. ಪಾಲುದಾರರಲ್ಲಿ ಇಬ್ಬರಿಗೆ ಇದನ್ನು ಕಿತ್ತು ಎಲ್‌ಇಡಿ ಬೀಕನ್ ಹಾಕಿಸುವ ಆಸೆ. ನನ್ನ ಸಹೋದ್ಯೋಗಿಗೆ ಮನಸ್ಸಿಲ್ಲ. ಗಾಜಿನೊಳಗೆ ಬೆಳಕು ನಿಧಾನವಾಗಿ ಸುತ್ತುವ ಆ ಚೆಂದ ಎಲ್‌ಇಡಿಯಲ್ಲಿ ಎಲ್ಲಿ ಬರುತ್ತೆ ಅಂತ ಅವರ ವಾದ. ನಾನೂ ಮನಸ್ಸಿನಲ್ಲೇ ಅವರ ಪಾರ್ಟಿ.

ಮೆಕ್ಯಾನಿಕ್ ಲೆಕ್ಕ ಬೇರೆ ಇತ್ತು. 40 ವ್ಯಾಟಿನ ಎರಡು ಬಲ್ಬು ಸೇರಿ ಸುಮಾರು 6 ಆಂಪ್ ಕರೆಂಟ್ ಎಳೆಯುತ್ತವೆ. ಬಿಳಿ ಬೆಳಕು ಕೆಂಪು ಗಾಜು ದಾಟುವಷ್ಟರಲ್ಲಿ ಬಹುಪಾಲು ಗಾಜಿನಲ್ಲೇ ಉಳಿದುಬಿಡುತ್ತೆ. ಎಲ್‌ಇಡಿ ನೇರವಾಗಿ ಕೆಂಪು ಬೆಳಕನ್ನೇ ಕೊಡುತ್ತೆ, ಕರೆಂಟ್ ಕಡಿಮೆ, ತಿರುಗುವ ಭಾಗವೇ ಇಲ್ಲ. ಇನ್ನೊಂದು ಮಾತನ್ನು ಅವರು ಸ್ಪ್ಯಾನರ್ ಒರೆಸುತ್ತ ಹೇಳಿದರು: ‘ಮುಂದಿನ ವರ್ಷ ನಾನು ಅಂಗಡಿ ಮುಚ್ತೀನಿ. ಈ ಗಿಯರಿನ ಹಲ್ಲು ಸವೆದರೆ ನಿಮಗೆ ಪಾರ್ಟೂ ಸಿಗಲ್ಲ, ಬಿಚ್ಚೋರೂ ಸಿಗಲ್ಲ.’

ಸಹೋದ್ಯೋಗಿಗೆ ಇದು ಬರೀ ಹವ್ಯಾಸದ ಮಾತಲ್ಲ. ಕೆಂಟಕಿಯಲ್ಲಿ ಒಬ್ಬರೇ ಇರುವ ತಾಯಿಯನ್ನು ನೋಡೋಕೆ ತಿಂಗಳಿಗೆ ಎರಡು ಸಲ ಅವರು ಇದರಲ್ಲೇ ಹೋಗಿಬರುವುದು. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ಐದೂಕಾಲರೊಳಗೆ ಸೂರ್ಯ ಮುಳುಗುತ್ತಾನೆ. ವಾಪಸ್ ಬಂದಿಳಿಯುವ ನಿಲ್ದಾಣಕ್ಕೆ ಟವರ್ ಇಲ್ಲ. ಅಮೆರಿಕದ ಸುಮಾರು 5,000 ಸಾರ್ವಜನಿಕ ನಿಲ್ದಾಣಗಳಲ್ಲಿ ಟವರ್ ಇರುವುದು ಐನೂರು ಚಿಲ್ಲರೆ ಕಡೆ ಮಾತ್ರ. ಉಳಿದ ಕಡೆ ಪೈಲಟ್‌ಗಳು ರೇಡಿಯೊದಲ್ಲಿ ತಾವೆಲ್ಲಿದ್ದೇವೆ ಅಂತ ಹೇಳಿಕೊಳ್ಳುತ್ತ, ಕಿಟಕಿಯಿಂದ ಒಬ್ಬರನ್ನೊಬ್ಬರು ನೋಡಿಕೊಂಡೇ ಇಳಿಯಬೇಕು. ಬೀಕನ್ ಇಲ್ಲದೆ ರಾತ್ರಿ ಹೊರಡುವ ಹಾಗೇ ಇಲ್ಲ. ದಾರಿಯಲ್ಲಿ ಕೆಟ್ಟರೆ ರಿಪೇರಿ ಸಿಗುವ ಮುಂದಿನ ನಿಲ್ದಾಣದವರೆಗೆ ಹೋಗಬಹುದು, ಅಷ್ಟೇ.

ಇಲ್ಲೊಂದು ವಿಷಯ ಗಮನಿಸಿ. ಬಾಲದ ಮೇಲಿರುವ ಈ ದೀಪ ಹಾರಿಸುವವರ ಕಣ್ಣಿಗೇ ಬೀಳಲ್ಲ. ಮೋಡದೊಳಗೆ ಹೋದಾಗ ಮಾತ್ರ ಅದರ ಬೆಳಕು ಸುತ್ತ ಚೆಲ್ಲಿ ತಲೆ ತಿರುಗಿಸುತ್ತೆ, ಆಗ ಆರಿಸಿ ಅಂತ ಸೆಸ್ನಾದ ಕೈಪಿಡಿಯೇ ಹೇಳುತ್ತೆ. ಉಳಿದಂತೆ ಅದು ಪೂರ್ತಿ ಬೇರೆಯವರಿಗಾಗಿ ಉರಿಯುವ ದೀಪ. ಎದುರಿಂದ ಬರುವ ಇನ್ನೊಂದು ವಿಮಾನಕ್ಕೆ, ಪ್ರೊಪೆಲರ್ ಹತ್ತಿರ ನಡೆದು ಹೋಗುವವರಿಗೆ. ಇಳಿದ ಮೇಲೂ ಒಂದು ಉಪಯೋಗ ಇದೆ. ಬೀಕನ್ ಸ್ವಿಚ್ಚನ್ನು ಹಲವು ಪೈಲಟ್‌ಗಳು ಯಾವಾಗಲೂ ಆನ್ ಇಟ್ಟಿರುತ್ತಾರೆ. ಮೇನ್ ಸ್ವಿಚ್ ಆರಿಸೋದು ಮರೆತು ಹೊರಟರೆ, ತಿರುಗಿ ನೋಡಿದಾಗ ಬಾಲದ ಮೇಲೆ ಕೆಂಪು ಸುತ್ತುತ್ತಿರುತ್ತೆ. ಬ್ಯಾಟರಿ ಉಳಿಯುತ್ತೆ.

ಕೊನೆಗೆ ನಾಲ್ವರೂ ಒಪ್ಪಿದ್ದು ಹೀಗೆ: ಈ ಚಳಿಗಾಲ ಹಳೇ ದೀಪ, ಪ್ರತಿ ಸಲ ರಾತ್ರಿ ಹೊರಡುವ ಮೊದಲು ಗಡಿಯಾರ ಹಿಡಿದು ಎಣಿಸುವುದು. ವಸಂತದಲ್ಲಿ ವಾರ್ಷಿಕ ತಪಾಸಣೆಗೆ ಹಾಕಿದಾಗ, ಈ ಮೆಕ್ಯಾನಿಕ್ ಇರುವಾಗಲೇ, ಎಲ್‌ಇಡಿ. ಹಳೆಯದು ಹ್ಯಾಂಗರಿನ ಶೆಲ್ಫಿಗೆ. ಸಹೋದ್ಯೋಗಿ ಸ್ವಲ್ಪ ಸಪ್ಪಗಾದರು, ಆದರೆ ಕೈ ಎತ್ತಿದವರಲ್ಲಿ ಮೊದಲಿಗರು ಅವರೇ. ನನಗೂ ಅದೇ ಸರಿ ಅನ್ನಿಸಿತು. ನೋಡೋರಿಗೋಸ್ಕರ ಇರುವ ದೀಪ ನೋಡೋರಿಗೆ ಚೆನ್ನಾಗಿ ಕಾಣಬೇಕು, ನಮ್ಮ ಪ್ರೀತಿ ಆಮೇಲೆ.

ಡೇಟನ್‌ಗೆ ಬಂದರೆ ಇನ್ನೊಂದು ದಿನ ಇಟ್ಟುಕೊಂಡು ಅರ್ಬಾನಕ್ಕೂ ಹೋಗಿ. ಮ್ಯೂಸಿಯಂ ತೆರೆದಿರುವ ದಿನ ಮೊದಲೇ ನೋಡಿಕೊಳ್ಳಿ, ಕೆಫೆಯಲ್ಲಿ ಕಿಟಕಿ ಪಕ್ಕ ಕೂತು ಪೈ ತಿನ್ನಿ. ಅಷ್ಟು ದೂರ ಆಗದಿದ್ದರೆ ಬೆಂಗಳೂರಿನಲ್ಲೇ, ಮುಂದಿನ ಸಲ ಬೋರ್ಡಿಂಗ್ ಗೇಟಿನಲ್ಲಿ ಫೋನ್ ಪಕ್ಕಕ್ಕಿಟ್ಟು ಹೊರಗೆ ನೋಡಿ. ಎಂಜಿನ್ ಶುರುವಾಗುವ ಮೊದಲೇ ವಿಮಾನದ ಬೆನ್ನ ಮೇಲೆ, ಹೊಟ್ಟೆಯ ಕೆಳಗೆ ಕೆಂಪು ದೀಪ ಮಿನುಗೋಕೆ ಶುರುವಾಗುತ್ತೆ. ಅದು ಕಂಡ ಮೇಲೆ ಕೆಳಗಿನ ಸಿಬ್ಬಂದಿ ಎಂಜಿನ್ ಹತ್ತಿರ ಸುಳಿಯಲ್ಲ.