ತಂತ್ರಾಂಶದ ಸ್ಥಾಪನೆ ಮತ್ತು ಪಾಠದ ರಕ್ಷಣೆ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಜೈನ ಪರಂಪರೆ ಹಿರಿದಾದ ಸ್ಥಾನವನ್ನು ಕೊಟ್ಟಿದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದ ಸಂಗತಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಸುಪರಿಚಿತ. ಓಲೆಯೂ ಕಂಟವೂ ಚೆನ್ನಾಗಿದ್ದ ಮಾತ್ರಕ್ಕೆ ಪ್ರತಿ ಶುದ್ಧವಾಗುವುದಿಲ್ಲ. ಮೂಲದೊಡನೆ ಹೋಲಿಸಿ ನೋಡಿದಾಗಲೇ ಅದು ನಂಬತಕ್ಕ ಪ್ರತಿಯೆನಿಸುತ್ತದೆ. ಓಲೆಯ ಸ್ಥಾನಕ್ಕೆ ಗಣಕಯಂತ್ರ ಬಂದಿರುವ ಇಂದೂ ಈ ನಿಯಮ ಬದಲಾಗಿಲ್ಲ. ನಿವೃತ್ತ ಕನ್ನಡ ಅಧ್ಯಾಪಕರೊಬ್ಬರ ಅನುಭವ ಇದಕ್ಕೆ ನಿದರ್ಶನ.

ಅವರು ಹಲವು ವರ್ಷಗಳಿಂದ ಒಂದು ಚಂಪೂಕಾವ್ಯದ ಸಂಪಾದನೆಯಲ್ಲಿ ತೊಡಗಿದ್ದರು. ಮೂಲದ ಓಲೆಗರಿಗಳು ಹುಳು ಹಿಡಿದು ಹಾಳಾಗಿದ್ದವು. ಉಳಿದಿದ್ದುದು ಅವರೇ ಪ್ರತಿ ಮಾಡಿಕೊಂಡಿದ್ದ ನೋಟುಪುಸ್ತಕಗಳು ಮತ್ತು ಹಳೆಯ ಕಂಪ್ಯೂಟರಿನಲ್ಲಿದ್ದ ಕಡತಗಳು ಮಾತ್ರ. ಆ ಯಂತ್ರ ಮೇಲಿಂದ ಮೇಲೆ ಕೆಡತೊಡಗಿದಾಗ ಮಗಳು ಹೊಸ ಡೆಸ್ಕ್‌ಟಾಪ್ ತಂದುಕೊಟ್ಟಳು. ಅದರಲ್ಲಿ ಲಿಬ್ರೆಆಫೀಸ್ ತಂತ್ರಾಂಶವನ್ನು ಹಾಕಿಕೊಳ್ಳಲು ಅವರು ನಿಶ್ಚಯಿಸಿದರು. ಓಪನ್‌ಆಫೀಸ್‌ನಿಂದ 2010ರಲ್ಲಿ ಕವಲೊಡೆದ ಈ ತಂತ್ರಾಂಶವನ್ನು ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಬೆಲೆಯಿಲ್ಲದೆ ಒದಗಿಸುತ್ತಿದೆ.

ಮೊದಲ ಯತ್ನದಲ್ಲೇ ಅವರು ಎಡವಿದರು. ಹುಡುಕಾಟದಲ್ಲಿ ಮೇಲೆ ಕಂಡ ಜಾಹೀರಾತನ್ನು ಒತ್ತಿದಾಗ ಕೆಲವೇ ಎಂಬಿ ಗಾತ್ರದ ಕಡತವೊಂದು ಇಳಿಯಿತು. ತೆರೆದರೆ ಅದು ಸಂಬಂಧವಿಲ್ಲದ ಬೇರೆ ತಂತ್ರಾಂಶಗಳನ್ನು ಸೇರಿಸಲು ಅನುಮತಿ ಕೇಳಿತು. ಹಸ್ತಪ್ರತಿಯ ಆಕರವನ್ನು ಕೇಳದೆ ಒಂದು ಪದ್ಯವನ್ನೂ ಒಪ್ಪದ ಅಧ್ಯಾಪಕರಿಗೆ ತಮ್ಮ ಅವಸರ ನಾಚಿಕೆ ತಂದಿತು. ಅದನ್ನು ಅಳಿಸಿ, ತಂತ್ರಾಂಶದ ಅಧಿಕೃತ ಜಾಲತಾಣಕ್ಕೆ ಹೋಗಿ, ತಮ್ಮ ವಿಂಡೋಸ್ 64 ಬಿಟ್‌ನದೆಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಖಚಿತಪಡಿಸಿಕೊಂಡು, ಅದಕ್ಕೆ ತಕ್ಕ ಕಡತವನ್ನು ಇಳಿಸಿಕೊಂಡರು.

ಅದೇ ಪುಟದಲ್ಲಿ ಆ ಕಡತದ ಎಸ್‌ಎಚ್‌ಎ-256 ಮೊತ್ತವೂ ಇತ್ತು. ಅದು ಅಂಕಿ ಅಕ್ಷರಗಳು ಬೆರೆತ 64 ಚಿಹ್ನೆಗಳ ಸಾಲು. ಲಿಪಿಕಾರರು 32 ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಕೃತಿಯ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ಬರೆಯುತ್ತಿದ್ದುದುಂಟು. ಗ್ರಂಥಸಂಖ್ಯೆ ಪ್ರಮಾಣವನ್ನಷ್ಟೇ ತಿಳಿಸುತ್ತದೆ. ಈ ಮೊತ್ತವಾದರೋ ಕಡತದಲ್ಲಿ ಒಂದೇ ಒಂದು ಬಿಟ್ ವ್ಯತ್ಯಾಸವಾದರೂ ಬೇರೆಯಾಗಿಬಿಡುತ್ತದೆ. ವಿಂಡೋಸ್‌ನಲ್ಲಿಯೇ ಇರುವ ಸರ್ಟ್‌ಯುಟಿಲ್ ಎಂಬ ಆದೇಶದಿಂದ ಅವರು ಮೊತ್ತವನ್ನು ಪಡೆದು ಹೋಲಿಸಿದರು. ಎರಡೂ ತಾಳೆಯಾದವು.

ಸ್ಥಾಪನೆಯಲ್ಲಿ 'ಟಿಪಿಕಲ್' ಎಂಬುದನ್ನು ಬಿಟ್ಟು 'ಕಸ್ಟಮ್' ಎಂಬುದನ್ನು ಆರಿಸಿಕೊಂಡರು. ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಗುರುತು ಮಾಡಿದರೆ ಪರದೆಯ ಸೂಚನೆಗಳು ಕನ್ನಡದಲ್ಲಿ ದೊರೆಯುವಂತಾಗುತ್ತದೆ. ಸ್ಥಾಪನೆ ಮುಗಿದ ಮೇಲೆ ಭಾಷಾ ಆಯ್ಕೆಗಳಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬಲ್ಲಿ ಕನ್ನಡವನ್ನು ನಿಗದಿಪಡಿಸಿದರು. ಒತ್ತಕ್ಷರಗಳಿರುವ ನಾಲ್ಕು ಪದಗಳನ್ನು ಬೆರಳಚ್ಚಿಸಿದರು. ಎಲ್ಲವೂ ಸರಿಯಾಗಿ ಮೂಡಿದವು.

ಆದರೆ ತಮ್ಮ ಕಾವ್ಯದ ಕಡತವನ್ನು ತೆರೆದಾಗ ಕನ್ನಡವೇ ಇರಲಿಲ್ಲ! ಅರ್ಥವಿಲ್ಲದ ರೋಮನ್ ಅಕ್ಷರಗಳು ಪುಟಗಳ ತುಂಬ ಹರಡಿದ್ದವು. ಅವರು ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದರು, ಫಲ ಅದೇ. ವರ್ಷಗಳ ದುಡಿಮೆ ಕೈಬಿಟ್ಟಿತೆಂಬ ದುಗುಡದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ದೂರವಾಣಿ ಮಾಡಿದರು. "ಸ್ಥಾಪನೆ ಸರಿಯಾಗಿಯೇ ಆಗಿದೆ ಸರ್," ಎಂದಳು ಆಕೆ. "ನಿಮ್ಮ ಕಡತದಲ್ಲಿರುವುದು ರೋಮನ್ ಸಂಕೇತಗಳೇ. ಹಳೆಯ ಫಾಂಟು ಅವಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲ. ಅದನ್ನು ತಂದು ಹಾಕಿದರೆ ಪಾಠ ಕಾಣಿಸುತ್ತದೆ, ಆದರೆ ಉಳಿಯಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು."

ಪರಿವರ್ತಕಕ್ಕೆ ಹಾಕಿದಾಗ ಕಾವ್ಯ ಓದುವಂತೆ ಬಂದಿತು. ಸಂತೋಷದಿಂದ ಮೊದಲ ಆಶ್ವಾಸವನ್ನು ನೋಟುಪುಸ್ತಕದೊಡನೆ ಹೋಲಿಸತೊಡಗಿದ ಅಧ್ಯಾಪಕರು ಕೆಲವೇ ಪದ್ಯಗಳಲ್ಲಿ ನಿಂತರು. ೞಕಾರ ಎಲ್ಲಿಯೂ ಇರಲಿಲ್ಲ. ಅದಿರಬೇಕಾದ ಕಡೆಯಲ್ಲೆಲ್ಲ ಳಕಾರವಿತ್ತು. ಶಕಟರೇಫವಾದ ಱಕಾರವೂ ಸಾಮಾನ್ಯ ರೇಫವಾಗಿತ್ತು. ಹಳೆಯ ಫಾಂಟಿನಲ್ಲಿ ಈ ಎರಡು ಅಕ್ಷರಗಳಿಲ್ಲದ ಕಾರಣ ಅವರು ಅಂದು ಇನ್ನೊಂದು ವಿಶೇಷ ಫಾಂಟನ್ನು ಬಳಸಿದ್ದರು. ಪರಿವರ್ತಕ ಸಂಕೇತಗಳನ್ನು ನೋಡಿತೇ ಹೊರತು ಫಾಂಟಿನ ಭೇದವನ್ನು ನೋಡಲಿಲ್ಲ.

ಇದು ಸಣ್ಣ ದೋಷವಲ್ಲ. ಹಳಗನ್ನಡದಲ್ಲಿ 'ಅೞಿ' ಎಂದರೆ ನಾಶವಾಗು, 'ಅಳಿ' ಎಂದರೆ ದುಂಬಿ. 'ಅಱಿ' ಎಂದರೆ ತಿಳಿ, 'ಅರಿ' ಎಂದರೆ ಕತ್ತರಿಸು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ವಿವೇಚನೆಗೆ ತೊಡಗಿದ್ದು ಸುಮ್ಮನೆ ಅಲ್ಲ. ಇಲ್ಲಿ ಪ್ರಾಸವೂ ನೆರವಿಗೆ ಬರಲಿಲ್ಲ: ನಾಲ್ಕು ಪಾದಗಳ ಎರಡನೆಯ ಅಕ್ಷರವೂ ಒಂದೇ ರೀತಿ ಬದಲಾಗಿದ್ದುದರಿಂದ ಪದ್ಯ ಹೊರನೋಟಕ್ಕೆ ನಿರ್ದೋಷವಾಗಿಯೇ ಕಾಣುತ್ತಿತ್ತು. ನೋಟುಪುಸ್ತಕವಿಲ್ಲದಿದ್ದರೆ ಈ ಪಾಠವೇ ಮುದ್ರಣಕ್ಕೆ ಹೋಗುತ್ತಿತ್ತು.

ಪುಣ್ಯಕ್ಕೆ ಅವರು ಮೂಲ ಕಡತವನ್ನು ಮುಟ್ಟದೆ, ಅದರ ನಕಲನ್ನೇ ಪರಿವರ್ತಿಸಿದ್ದರು. ಲಿಬ್ರೆಆಫೀಸ್‌ನ 'ಹುಡುಕಿ ಬದಲಿಸು' ಸೌಲಭ್ಯದಲ್ಲಿ ಪದವನ್ನಷ್ಟೇ ಅಲ್ಲ, ಫಾಂಟನ್ನೂ ಹುಡುಕಬಹುದು. ವಿದ್ಯಾರ್ಥಿನಿಯ ಸಲಹೆಯಂತೆ ಹೊಸದೊಂದು ನಕಲಿನಲ್ಲಿ ವಿಶೇಷ ಫಾಂಟಿನ ಅಕ್ಷರಗಳಿಗೆಲ್ಲ ಮೊದಲು ಗುರುತು ಹಾಕಿ, ಆಮೇಲೆ ಪರಿವರ್ತಿಸಿ, ಗುರುತಿದ್ದೆಡೆಯಲ್ಲಿ ಯೂನಿಕೋಡ್‌ನ ೞ, ಱಗಳನ್ನು ಇರಿಸಿದರು. ಮತ್ತೆ ಮೊದಲ ಪದ್ಯದಿಂದ ಹೋಲಿಕೆ ನಡೆಯಿತು.

ತಂತ್ರಾಂಶದ ಸ್ಥಾಪನೆಗೆ ಹಿಡಿದದ್ದು ಒಂದು ಸಂಜೆ. ಹೋಲಿಕೆಗೆ ಒಂದು ಮಳೆಗಾಲವೇ ಬೇಕಾಯಿತು. ಮುಗಿದ ದಿನ ಅಧ್ಯಾಪಕರು ಕಡತವನ್ನು ಓಪನ್ ಡಾಕ್ಯುಮೆಂಟ್ ರೂಪದಲ್ಲಿ ಉಳಿಸಿ, ಆ ವಿದ್ಯಾರ್ಥಿನಿಗೂ ಸಂಶೋಧನೆಯಲ್ಲಿ ತೊಡಗಿದ್ದ ಇಬ್ಬರಿಗೂ ಪ್ರತಿಗಳನ್ನು ಕಳುಹಿಸಿದರು. ಜೊತೆಗೆ ನೋಟುಪುಸ್ತಕದ ಪುಟಗಳ ಚಿತ್ರಗಳೂ ಇದ್ದವು, ಅವರೂ ಹೋಲಿಸಿ ನೋಡಲೆಂದು.