ಬಿಟ್ಟುಕೊಟ್ಟ ಸಾಲು

ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆದುಕೊಂಡಿದ್ದ ನಮಗೆ ಒಂದು ದಿನ ಮ್ಯಾನೇಜರಿಕೆಯು ಒದಗಿತು. ಕೃಷ್ಣಾ ಭೀಮಾ ನದಿಗಳ ನಡುವಣ ನಮ್ಮ ವಡಗೇರಾದಲ್ಲಿ ಈ ವಾರ್ತೆಯನ್ನು ಕೇಳಿದವರೆಲ್ಲರೂ ಸಂತೋಷಪಟ್ಟರು. ನೆರೆಮನೆಯ ಹಿರಿಯರೊಬ್ಬರಂತೂ, “ಇನ್ನ ಕೆಲಸ ಕಡಿಮಿ, ಪಗಾರ ಹೆಚ್ಚು” ಎಂದು ಹರಸಿದರು. ಎರಡನೆಯ ಮಾತು ನಿಜವಾಯಿತು.

ವಾಚಕರು ನಗಬಾರದು. ಕೋಡ್ ಬರೆಯುವವನಿಗೆ ಆ ದಿನ ತಾನು ಮಾಡಿದ್ದೇನೆಂಬುದು ಸಂಜೆ ಕಣ್ಣಿಗೆ ಕಾಣುತ್ತದೆ. ತಪ್ಪಿದ್ದರೆ ಯಂತ್ರವು ಒಡನೆಯೇ ತೋರಿಸುತ್ತದೆ. ಅದಕ್ಕೆ ಮುನಿಸಿಲ್ಲ, ಮುಲಾಜಿಲ್ಲ. ಮ್ಯಾನೇಜರಾದವನಾದರೋ ಬೆಳಗಿನಿಂದ ಮಾತನಾಡಿ ದಣಿದರೂ ಏನು ಮಾಡಿದೆನೆಂದು ತಾನೇ ಹೇಳಲಾರನು. ನಮಗೆ ಹಗಲೆಲ್ಲ ಮೀಟಿಂಗು. ರಾತ್ರಿಯಾಯಿತೆಂದರೆ ಕೈ ಸುಮ್ಮನಿರದೆ, ತಂಡದವರು ಬರೆದುದನ್ನು ತೆಗೆದು ನಾವೇ ತಿರುಗಿ ಬರೆಯುವುದು. ಇದನ್ನು ಸಹಾಯವೆಂದೇ ತಿಳಿದಿದ್ದೆವು.

ಕೆಲಸವು ಹಿಂದೆ ಬಿದ್ದಿತು. ನಾಲ್ವರ ತಂಡಕ್ಕೆ ಇನ್ನೂ ನಾಲ್ವರನ್ನು ಕೇಳಿ ಪಡೆದೆವು. ಐಬಿಎಂ ಕಂಪನಿಯಲ್ಲಿ ದೊಡ್ಡದೊಂದು ಆಪರೇಟಿಂಗ್ ಸಿಸ್ಟಮಿನ ಕೆಲಸ ಮಾಡಿಸಿದ ಫ್ರೆಡ್ ಬ್ರೂಕ್ಸ್ ಎಂಬವರು, ತಡವಾದ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುವುದೆಂದು ೧೯೭೫ರಲ್ಲಿಯೇ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಹೊಸಬರಿಗೆ ಕಲಿಸುವವರು ಹಳಬರೇ ತಾನೆ? ಅಲ್ಲದೆ ನಾಲ್ವರಲ್ಲಿ ಇಬ್ಬಿಬ್ಬರ ಜೋಡಿಗಳು ೬. ಎಂಟು ಮಂದಿಯಾದರೆ ೨೮. ಅಷ್ಟು ಕಡೆ ಮಾತು ಕೂಡಿಬರಬೇಕು. ಆ ಪುಸ್ತಕವು ನಮ್ಮ ಮೇಜಿನ ಮೇಲೆಯೇ ಇದ್ದಿತು!

ತಂಡದಲ್ಲಿ ರಾಯಚೂರು ಕಡೆಯ ತರುಣನೊಬ್ಬನಿದ್ದನು. ಮಿತಭಾಷಿ. ಒಂದು ದಿನ ಬಂದು, “ಸರ್, ನಾ ಬರೆದದ್ದು ಅಳಿಸಿ ನೀವೇ ಬರೀತೀರಿ ಅಂದ್ರ, ನಾ ಯಾಕ ಇರಬೇಕ್ರಿ?” ಎಂದು ಕೇಳಿ ರಾಜೀನಾಮೆಯನ್ನಿತ್ತನು. ನಮಗೆ ಸಿಟ್ಟೇ ಬಂದಿತು. ಅವನಿಗಾಗಿ ನಿದ್ದೆಗೆಟ್ಟವರು ನಾವಲ್ಲವೆ?

ಅದೇ ಸಿಟ್ಟಿನಲ್ಲಿ ಸಂಕ್ರಾಂತಿಗೆ ಊರಿಗೆ ಹೋದೆವು. ಎರೆಹೊಲದಲ್ಲಿ ಹತ್ತಿ ಬಿಡಿಸುವ ಕಾಲ. ಹೆಣ್ಣಾಳುಗಳು ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು ನಡೆದಿದ್ದರು. ಮುದುಕಿಯೊಬ್ಬಳು ಹಿಂದೆ ಬಿದ್ದುದನ್ನು ಕಂಡು, ಕನಿಕರದಿಂದ ಅವಳ ಸಾಲಿಗೆ ಇಳಿದು ನಾವೂ ಬಿಡಿಸತೊಡಗಿದೆವು. ಬದುವಿನಲ್ಲಿ ನಿಂತಿದ್ದ ಅವ್ವ ಕೂಗಿದಳು:

“ಕಿಲೋ ಲೆಕ್ಕದ ಕೂಲಿ ಅದಪ್ಪಾ. ಆಕಿ ಸಾಲಿನಾಗ ಯಾಕ ಕೈ ಹಾಕ್ತಿ?”

“ಆಕಿ ಉಡ್ಯಾಗೇ ಹಾಕ್ತೀನಿ ಬೇ,” ಎಂದೆವು.

“ಆಕಿಗೇನು ಕೈ ಇಲ್ಲೇನು?”

ಮುದುಕಿಯು ತಲೆಯೆತ್ತಿ ನೋಡಲಿಲ್ಲ. ನಾವು ಸಾಲಿನಿಂದ ಹೊರಬಂದು, ಕೊಡದಲ್ಲಿ ನೀರು ತುಂಬಿಕೊಂಡು ಬಂದು ಎಲ್ಲರಿಗೂ ಕೊಟ್ಟೆವು. ಅಂದು ನಮ್ಮಿಂದಾದ ಕೆಲಸ ಅಷ್ಟೇ.

ಬೆಂಗಳೂರಿಗೆ ಮರಳಿ, ಆ ತರುಣನಿಗೆ ಉಳಿದಿದ್ದ ಒಂದು ತಿಂಗಳಿನ ಮಟ್ಟಿಗೆ ಬಿಲ್ಲಿನ ಲೆಕ್ಕದ ಭಾಗವನ್ನು ಪೂರ್ತಿಯಾಗಿ ಒಪ್ಪಿಸಿದೆವು. ಮೊದಲ ವಾರದಲ್ಲಿಯೇ ಎರಡು ತಪ್ಪು ನಮ್ಮ ಕಣ್ಣಿಗೆ ಬಿದ್ದುವು. ಆ ರಾತ್ರಿಗಳನ್ನು ಕಳೆದ ಕಷ್ಟವನ್ನು ಹೇಳಲಾರೆವು. ಒಂದನ್ನು ಅವನೇ ಕಂಡುಕೊಂಡನು. ಇನ್ನೊಂದನ್ನು ಕೇಳಿದಾಗ ತೋರಿಸಿದೆವು. ತಿಂಗಳು ತುಂಬಿದ ದಿನ ಅವನು ಹೊರಟೇಹೋದನು. ಇರೆಂದು ಹೇಳಲು ನಮಗೆ ಮುಖವಿರಲಿಲ್ಲ. ಹೋಗುವಾಗ ಮಾತ್ರ ನಕ್ಕು ಕೈಮುಗಿದನು.

ಅವನು ಬರೆದ ಭಾಗವು ಇಂದಿಗೂ ನಡೆಯುತ್ತಿದೆ. ನಾವು ಬರೆದಿದ್ದರೆ ಸ್ವಲ್ಪ ಚುರುಕಾಗಿರುತ್ತಿತ್ತೇನೋ. ಮುಟ್ಟಿಲ್ಲ.